ಮನ್ಯಾಗ ಮಾಡೂಣು ಕಾಕಾ

ಪುಣೆಯ ಯಾವ ಹೌಸಿಂಗ್ ಸೊಸೈಟಿಗೇ ಹೋಗಿ, ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಕೋಥರೂಡು, ಕರ್ವೆನಗರದ ಕಡೆ ಮಹಡಿಗೊಬ್ಬರು. ಮೂಲ ಧಾರವಾಡವೋ ಬೆಳಗಾವಿಯೋ; ಪಿಂಪ್ರಿಯ ಕಾರ್ಖಾನೆಯಲ್ಲಿ ಬಾಯ್ಲರುಗಳ ಜೊತೆ ಆಯುಷ್ಯ ಕಳೆದು ನಿವೃತ್ತಿ; ಕನ್ನಡ ಸಂಘದ ಕಾರ್ಯಕ್ರಮವಿದ್ದರೆ ಮೊದಲ ಸಾಲಿನ ಕುರ್ಚಿ; ಮರಾಠಿಯಂತೂ ಸದಾಶಿವ ಪೇಠೆಯವರೂ ತಪ್ಪು ಹುಡುಕಿ ಸೋಲಬೇಕು, ಅಷ್ಟು ಶುದ್ಧ. ಹೋಟೆಲಿನಲ್ಲಿ ಏನೇ ತಿನ್ನಲಿ, ಬಿಲ್ಲು ಮೇಜಿಗೆ ಬರುವ ಮೊದಲೇ ಇವರಿಂದ ಒಂದು ಮಾತು ಹೊರಬೀಳುತ್ತದೆ: "ಇದರಾಗ ಏನದ, ಮನ್ಯಾಗ ಮಾಡೂಣು."

ಹಾಗೆ ಮನೆಯಲ್ಲಿ ಮಸ್ತಾನಿ ಆಗಿದೆ, ಮಿಸಳ್ ಆಗಿದೆ. ಶ್ರೂಸ್‌ಬರಿ ಬಿಸ್ಕೀಟೂ ಆಗಿದೆ. ಅದರಲ್ಲೊಂದು ಗಾಳಿಗೆ ಬಾಲ್ಕನಿ ಬಾಗಿಲು ಬಡಿಯದಂತೆ ಈಗಲೂ ಸೇವೆ ಸಲ್ಲಿಸುತ್ತಿದೆ. ಈಗ ಕಾಕಾನ ಕಣ್ಣು ಬಿದ್ದಿರುವುದು ಗೇಟಿನಾಚೆಯ ಚೈನೀಸ್ ಗಾಡಿಯ ಮೇಲೆ.

ಆ ಗಾಡಿಯನ್ನು ಬಣ್ಣಿಸುವ ಅಗತ್ಯವಿಲ್ಲ. ಕೆಂಪು ಬಣ್ಣ, ಪಕ್ಕಕ್ಕೊಂದು ಡ್ರ್ಯಾಗನ್, ಸಂಜೆಯಾಗುತ್ತಲೇ ಭರ್ರೆನ್ನುವ ಭಟ್ಟಿ, ಕಡಾಯಿಗೆ ಸೌಟು ಬಡಿಯುವ ಸದ್ದು. ಹಿಂಜವಡಿಯಿಂದ ಶನಿವಾರ ಬರುವ ಮೊಮ್ಮಕ್ಕಳಿಗೆ ಅಲ್ಲಿನ ಶೇಜವಾನ್ ಹಕ್ಕಾ ನೂಡಲ್ಸೇ ಆಗಬೇಕು. ಅದನ್ನು ಮನೆಯಲ್ಲೇ ಮಾಡಲು ಕಾಕಾ ತೋರಿಕೆಗೆ ಕೊಡುವ ಕಾರಣ, ಅದೇ ಕಡಾಯಿಯಲ್ಲಿ ಆತ ಚಿಕನ್ನೂ ತಿರುವುತ್ತಾನೆ ಎಂಬುದು. ಇಷ್ಟು ವರ್ಷ ಅದೇ ಕಡಾಯಿಯ ನೂಡಲ್ಸನ್ನು ನಿಂತಲ್ಲೇ ತಿಂದವರು ಯಾರು ಎಂದು ಅವರ ಹೆಂಡತಿ ಕಾಕು ಕೇಳುವುದಿಲ್ಲ. ಸಂಸಾರ ಹಳೆಯದು.

ಕಾಕಾನ ಅಡುಗೆ ಇತಿಹಾಸದಿಂದ ಶುರುವಾಗುತ್ತದೆ. ಮೊಮ್ಮಕ್ಕಳು ಹಸಿದು ಕೂತಿರುತ್ತಾರೆ, ಕಾಕಾ ಕಲಕತ್ತೆಯಲ್ಲಿರುತ್ತಾರೆ. ಹಕ್ಕಾ ಎಂದರೆ ದಕ್ಷಿಣ ಚೀನಾದಿಂದ ಬಂದ ಜನ, ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುತ್ತಿದ್ದವರು, ಅವರ ಮನೆಯೂಟವೇ ಹೋಟೆಲಾಯಿತು. ಅಲ್ಲಿಂದ ಮುಂಬಯಿಗೆ. 1975ರಲ್ಲಿ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ನೆಲ್ಸನ್ ವಾಂಗ್ ಎಂಬ ಕಲಕತ್ತೆಯ ಚೀನೀ ಬಾಣಸಿಗ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಸೋಯಾ ಸಾಸ್ ಸೇರಿಸಿ ಮಂಚೂರಿಯನ್ ಹುಟ್ಟಿಸಿದ ಕಥೆ. ಮಂಚೂರಿಯಾದವರಿಗೆ ಇಂದಿಗೂ ಆ ಸುದ್ದಿ ಮುಟ್ಟಿಲ್ಲ ಎನ್ನುವಲ್ಲಿ ಕಾಕಾ ತಾವೇ ನಗುತ್ತಾರೆ. ಅಷ್ಟು ಹೊತ್ತಿಗೆ ಕಾಕು ಮಕ್ಕಳಿಗೆ ಸದ್ದಿಲ್ಲದೆ ಅವಲಕ್ಕಿ ಕೊಟ್ಟಿರುತ್ತಾರೆ.

ನಂತರ ಶೇಜವಾನ್ ಚಟ್ನಿ. ಕಣ್ಣಿಗೆ ಕೆಂಪು ಬೇಕು, ನಾಲಗೆಗೆ ಉರಿ ಬೇಡ ಎಂದು ಊರಿನಿಂದ ತರಿಸಿದ ಬ್ಯಾಡಗಿ ಮೆಣಸಿನಕಾಯಿಯನ್ನೇ ಕಾಕಾ ನೆನೆಹಾಕುತ್ತಾರೆ. ಅದಕ್ಕೆ 2011ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ ಎಂಬುದನ್ನು ಮೆಣಸಿನಕಾಯಿಗೇ ಹೇಳುವವರಂತೆ ಗಟ್ಟಿಯಾಗಿ ಹೇಳುತ್ತಾರೆ. ಬೆಳ್ಳುಳ್ಳಿ ಹಾಕಿ ರುಬ್ಬಿ, ಉಪ್ಪು, ಹುಳಿ, ಒಂದಿಷ್ಟು ಸಕ್ಕರೆ ಸೇರಿಸಿ ಕಾಕುವಿಗೆ ಚಮಚ ಚಾಚುತ್ತಾರೆ.

"ರಂಜಕ ಚೊಲೋ ಆಗೇದ್ರೀ."

"ರಂಜಕ ಅಲ್ಲಾ, ಶೇಜವಾನ್."

"ಆತು. ಎರಡು ಭಕ್ರಿ ಬಡೀಲೇನು?"

ಇನ್ನು ನೂಡಲ್ಸು. ಕುದಿಸಿ, ಸೋಸಿ, ತಣ್ಣೀರು ಸುರಿದು, ಎಣ್ಣೆ ಸವರಿ ಆರಹಾಕುವವರೆಗೆ ಎಲ್ಲವೂ ಸರಿಯಾಗೇ ನಡೆಯುತ್ತದೆ. ಕೆಡುವುದು ಒಲೆಯ ಮೇಲೆ. ಗಾಡಿಯವನ ಭಟ್ಟಿಗೆ ಗ್ಯಾಸು ಹೆಚ್ಚಿನ ಒತ್ತಡದಲ್ಲಿ ನುಗ್ಗುತ್ತದೆ, ಮನೆಯ 14.2 ಕಿಲೋ ಸಿಲಿಂಡರಿನ ರೆಗ್ಯುಲೇಟರು ಆ ಒತ್ತಡವನ್ನು ಇಳಿಸಿ, ಹದ್ದುಬಸ್ತಿನಲ್ಲಿಟ್ಟು ಬಿಡುತ್ತದೆ. ಅವನ ಕಬ್ಬಿಣದ ಕಡಾಯಿ ತೆಳು, ತರಕಾರಿ ಬಿದ್ದು ತಣ್ಣಗಾದರೂ ಮರುಕ್ಷಣ ಕೆಂಡ. ಎಲೆಕೋಸು ಬಿಡುವ ನೀರು ಬಿಟ್ಟಲ್ಲೇ ಆವಿಯಾಗಿ ಹೋಗುತ್ತದೆ, ಅಂಚಿನಲ್ಲಿ ಒಂದಿಷ್ಟು ಸೀಯುತ್ತದೆ. ಆ ಸೀದ ಘಮವೇ ಗಾಡಿಯ ರುಚಿ. ಬಾಯ್ಲರಿನ ಮನುಷ್ಯ ಇದನ್ನೆಲ್ಲ ಕಾಗದದ ಮೇಲೆ ಗೆರೆ ಎಳೆದು ತೋರಿಸಬಲ್ಲ, ಒಂದು ಅಕ್ಷರವೂ ಸುಳ್ಳಲ್ಲ.

ಆದರೆ ಗಾಡಿಯ ಹುಡುಗ ಒಮ್ಮೆಗೆ ಎರಡು ಪ್ಲೇಟಿಗಿಂತ ಹೆಚ್ಚು ಹಾಕುವುದಿಲ್ಲ. ಇದನ್ನು ಕಾಕಾ ನೋಡಿಯೂ ನೋಡಿಲ್ಲ. ಮನೆಯ ಸಣ್ಣ ಉರಿಯಲ್ಲೂ ಒಂದೊಂದೇ ಪ್ಲೇಟು ಮಾಡಿದರೆ ಕೆಲಸ ಮುಕ್ಕಾಲು ಆದಂತೆ. ಹಾಗೆ ಮಾಡಿದರೆ ಒಬ್ಬೊಬ್ಬರೇ ತಿಂದು ಎದ್ದುಹೋಗುತ್ತಾರೆ, ಹೊಗಳಿಕೆ ಚಿಲ್ಲರೆಯಾಗಿ ಬರುತ್ತದೆ. ಕಾಕಾನಿಗೆ ಅದು ಇಡಿಗಂಟಾಗಿ ಬೇಕು. ಆದ್ದರಿಂದ ಏಳು ಜನರ ನೂಡಲ್ಸು, ಒಂದಿಡೀ ಎಲೆಕೋಸು, ಗಜ್ಜರಿ, ಡಬ್ಬು ಮೆಣಸಿನಕಾಯಿ, ಉಳ್ಳಾಗಡ್ಡಿ ತಪ್ಪಲು ಒಟ್ಟಿಗೇ ಕಡಾಯಿಗೆ ಬೀಳುತ್ತವೆ, ಒಟ್ಟಿಗೇ ಬೆವರುತ್ತವೆ, ಒಟ್ಟಿಗೇ ಮುದ್ದೆಯಾಗುತ್ತವೆ.

"ಶಾವಿಗಿ ಉಪ್ಪಿಟ್ಟು ಭಾಳ ಮೆತ್ತಗಾಗೇದ, ಅಜ್ಜಾ," ಎಂದು ಸಣ್ಣ ಮೊಮ್ಮಗಳು ಮೆಚ್ಚುಗೆಯಿಂದಲೇ ಹೇಳುತ್ತಾಳೆ.

ಕಾಕಾ ಗಾಡಿಯವನನ್ನೇ ವಿಚಾರಿಸಲು ಹೋದದ್ದೂ ಉಂಟು. ಕೈಯಲ್ಲಿ ಡೈರಿ, ಕಿವಿಗೆ ಪೆನ್ನು. ಎಷ್ಟು ಸೋಯಾ, ಎಷ್ಟು ವಿನೆಗರ್, ಎಷ್ಟು ಸೆಕೆಂಡು? "ಕುಛ್ ನಹೀ ಅಂಕಲ್, ಬಸ್ ಡಾಲ್ ದೇತಾ ಹೂಂ," ಎಂದ ಹುಡುಗ. ಡೈರಿಯಲ್ಲಿ ಅದನ್ನೂ ಬರೆದುಕೊಂಡರು. ಅಜಿನೊಮೊಟೊ ಹಾಕುತ್ತಾನೆಂದು ಮಾತ್ರ ಗೊತ್ತಾಯಿತು. ಕಾಕು ಹೌಹಾರಿದರು. ಅದನ್ನು 1908ರಲ್ಲಿ ಟೋಕಿಯೋದ ಇಕೇಡಾ ಎಂಬ ಪ್ರೊಫೆಸರರು ಸಮುದ್ರದ ಪಾಚಿಯಿಂದ ಕಂಡುಹಿಡಿದರು, ಟೊಮ್ಯಾಟೋದಲ್ಲೂ ಅದೇ ಅಂಶ ಇದೆ ಎಂದು ಕಾಕಾ ವಾದಿಸಿದರು. ಹಾಗಾದರೆ ಟೊಮ್ಯಾಟೋನೇ ಹಾಕಿರಿ ಎಂದು ತೀರ್ಪಾಯಿತು.

ಖರ್ಚಿನ ಮಾತೆತ್ತಬಾರದು. ಬೋಹ್ರಿ ಆಳಿಯಿಂದ ಕಬ್ಬಿಣದ ಕಡಾಯಿ, ಉದ್ದ ಹಿಡಿಯ ಸೌಟು, ಎರಡು ಬಗೆಯ ಸೋಯಾ ಸಾಸು, ಕಡಾಯಿಯ ಶಾಖ ಅಳೆಯಲು ಪಿಸ್ತೂಲಿನ ಆಕಾರದ ಥರ್ಮಾಮೀಟರು. ಆದರೂ ಕಾಕಾನ ಲೆಕ್ಕದಲ್ಲಿ ಮನೆಯ ಪ್ಲೇಟೇ ಅಗ್ಗ. ಕಡಾಯಿ, ಥರ್ಮಾಮೀಟರುಗಳೆಲ್ಲ ಬಂಡವಾಳ ವೆಚ್ಚ, ಅವುಗಳ ಸವಕಳಿಯನ್ನು ಹತ್ತು ವರ್ಷಕ್ಕೆ ಹಂಚಬೇಕಂತೆ.

ಕಳೆದ ಶನಿವಾರ ಆ ಬಂಡವಾಳಕ್ಕೆ ಒಂದು ಭಟ್ಟಿಯೂ ಸೇರಿತು. ಕಾಕು ಭಜನೆಗೆ ಹೋದ ಹೊತ್ತು ನೋಡಿ ಬಾಲ್ಕನಿಯಲ್ಲಿ ಹಚ್ಚಿಯೇಬಿಟ್ಟರು. ಕೆಂಪಗೆ ಕಾದ ಕಡಾಯಿಗೆ ಎಣ್ಣೆ, ಎಣ್ಣೆಗೆ ಬ್ಯಾಡಗಿ. ನಾಲ್ಕನೇ ಮಹಡಿಯಿಂದ ಕೆಳಕ್ಕೂ ಮೇಲಕ್ಕೂ ಕೆಮ್ಮು ಹಬ್ಬಿತು. ಮರುದಿನ ಬೆಳಿಗ್ಗೆ ಲಿಫ್ಟಿನ ಪಕ್ಕ ಅಪ್ಪಟ ಪುಣೇರಿ ಪಾಟಿ ತೂಗುತ್ತಿತ್ತು. ಮರಾಠಿಯಲ್ಲಿ ಬರೆದದ್ದರ ಸಾರಾಂಶ ಇಷ್ಟು: "ನಾಲ್ಕನೇ ಮಹಡಿಯಲ್ಲಿ ಚೈನೀಸ್ ಗಾಡಿ ನಡೆಸುತ್ತಿರುವ ಮಾನ್ಯ ಸದಸ್ಯರು ಒಂದೋ ಗಾಡಿ ನಿಲ್ಲಿಸಬೇಕು, ಇಲ್ಲವೇ ದರಪಟ್ಟಿ ಹಾಕಬೇಕು. ತಿನ್ನದೆ ಕೆಮ್ಮಲು ನಾವು ಸಿದ್ಧರಿಲ್ಲ. ಹುಕುಮಾವರೂನ್."

ಕಾಕಾ ಅದನ್ನು ಎರಡು ಸಲ ಓದಿದರು. ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿ, ಕೆಳಗೆ ಬರೆದರು: "ಗಾಡಿ ಅಂತ ಅವರ ಒಪ್ಪ್ಯಾರ. ವಾಸನಿ ಬರಾಬ್ಬರ್ ಬಂದಂಗಾತು."

ಕಾಕುವಿನ ಉತ್ತರ ಅಡುಗೆಮನೆಯಿಂದಲೇ ಬಂತು: "ಹಂಗಾದ್ರ ದರಪಟ್ಟಿನೂ ಬರದ ಹಚ್ಚರಿ. ನಿಮ್ಮ ಬಂಡವಾಳ ಆದ್ರೂ ವಾಪಸ್ ಬರಲಿ."