ಗೃಹ-ಹಾಜರಾತಿ ಕೊರತೆ: ಎಂಬಿಬಿಎಸ್ ಎಂಬ ಕೌಟುಂಬಿಕ ವ್ಯಾಧಿಯ ಶಾಸ್ತ್ರೀಯ ವಿವೇಚನೆ

1. ವ್ಯಾಖ್ಯೆ

ಮನೆಯ ಒಬ್ಬ ಸದಸ್ಯನಿಗೆ ವೈದ್ಯಕೀಯ ಸೀಟು ಸಿಕ್ಕಿದ ಕಾರಣ ಉಳಿದವರೆಲ್ಲರ ಊಟ, ನಿದ್ದೆ, ಹಬ್ಬ ಮತ್ತು ಟೀವಿ ಏರುಪೇರಾಗುವ ದೀರ್ಘಕಾಲಿಕ ಸ್ಥಿತಿಗೆ ಎಂಬಿಬಿಎಸ್ ಎಂದು ಹೆಸರು. ಇದನ್ನು ಪದವಿಯೆಂದು ತಿಳಿಯುವವರು ಇನ್ನೂ ಇದ್ದಾರೆ. ಆದರೆ ಪದವಿ ಬರುವುದು ಒಬ್ಬರಿಗೆ, ಬಾಧೆ ತಟ್ಟುವುದು ಮನೆಮಂದಿಗೆಲ್ಲ; ಆದ್ದರಿಂದ ಇದು ವ್ಯಾಧಿಯೇ ಎಂಬುದು ಸಿದ್ಧ. ರೋಗದ ಅವಧಿ ನಿಯಮದ ಪ್ರಕಾರ ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಅಷ್ಟರಲ್ಲೂ ಗುಣವಾಗದಿದ್ದರೆ ಅದಕ್ಕೆ ಪಿಜಿ ಎನ್ನುತ್ತಾರೆ.

ಓದು, ಬಿಡುವು, ಮನೆ ಈ ಮೂರನ್ನೂ ಸರಿದೂಗಿಸುವುದು ಹೇಗೆ ಎಂಬ ಪ್ರಶ್ನೆಗೆ ಹಿಂದಿನ ಶಾಸ್ತ್ರಕಾರರು ‘ಟೈಮ್‌ಟೇಬಲ್ ಹಾಕಿಕೊಳ್ಳಿ’ ಎಂದು ಹೇಳಿ ಕೈತೊಳೆದುಕೊಂಡಿದ್ದಾರೆ. ಕೈತೊಳೆಯುವುದರಿಂದ ಜೀವ ಉಳಿಯುತ್ತದೆಂದು ಸೆಮ್ಮೆಲ್‌ವೈಸ್ ವಿಯೆನ್ನಾದಲ್ಲಿ 1847ರಲ್ಲೇ ತೋರಿಸಿಕೊಟ್ಟದ್ದು ನಿಜ. ಪ್ರಶ್ನೆಗಳಿಂದ ಕೈತೊಳೆಯಬೇಕೆಂದು ಆತ ಎಲ್ಲೂ ಹೇಳಲಿಲ್ಲ. ಈ ಕೊರತೆಯನ್ನು ತುಂಬಲೆಂದೇ ಪ್ರಸ್ತುತ ಗ್ರಂಥ.

2. ರೋಗಕಾರಣ

ಪೂರ್ವಾವಸ್ಥೆ ದ್ವಿತೀಯ ಪಿಯುಸಿಯಲ್ಲೇ ಕಾಣಿಸಿಕೊಳ್ಳುತ್ತದೆ. ನೀಟ್‌ನ 180 ಪ್ರಶ್ನೆ, 720 ಅಂಕ ಎದುರಿಗೆ ಬಂದು ನಿಂತಾಗ ಮೊದಲು ಹೋಗುವುದು ಮನೆಯ ಕೇಬಲ್ ಕನೆಕ್ಷನ್. ಅಜ್ಜಿಯ ಧಾರಾವಾಹಿಯ ಸೊಸೆ ವಿಷ ಬೆರೆತ ಹಾಲಿನ ಲೋಟವನ್ನು ತುಟಿಗಿಟ್ಟುಕೊಂಡವಳು ವರ್ಷಗಟ್ಟಲೆ ಹಾಗೆಯೇ ನಿಂತಿರುತ್ತಾಳೆ. ಸೋದರಮಾವನ ಗೃಹಪ್ರವೇಶಕ್ಕೆ ಅಪ್ಪ ಒಬ್ಬರೇ ಹೋಗಿ, ಎಲ್ಲರ ಪಾಲಿನ ಹೋಳಿಗೆಯನ್ನು ಕಟ್ಟಿಸಿಕೊಂಡು ಬರುತ್ತಾರೆ. ‘ಒಂದು ಸೀಟು ಸಿಕ್ಕಿಬಿಡಲಿ, ಆಮೇಲೆ ಎಲ್ಲ ಇದ್ದೇ ಇದೆ’ ಎಂಬ ವಾಕ್ಯ ಬಾಯಿಂದ ಬಾಯಿಗೆ ಹರಡುತ್ತದೆ. ಇದೇ ಸೋಂಕು. ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಪರೀಕ್ಷಾ ಪ್ರಾಧಿಕಾರದಿಂದ ಸೀಟು ಹಂಚಿಕೆಯಾದ ದಿನ ಸೋಂಕು ವ್ಯಾಧಿಯಾಗಿ ಬಲಿಯುತ್ತದೆ.

ಆದರೆ ಮೂಲಕಾರಣ ಬೇರೆಯೇ ಇದೆ, ಅದನ್ನು ಪ್ರಸ್ತುತ ಗ್ರಂಥಕರ್ತನೇ ಪತ್ತೆಹಚ್ಚಿದ್ದೆಂದು ವಿನಯದಿಂದ ತಿಳಿಸಲಾಗುತ್ತದೆ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಹಾಜರಾತಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಫಾರ್ಮಲಿನ್ ವಾಸನೆಯಲ್ಲಿ ಮಲಗಿದ ಶವದ ಮುಂದೆ ನಿಂತದ್ದಕ್ಕೆ ಹಾಜರಿ ಉಂಟು. ಮಂಡಿನೋವಿನಿಂದ ಮಲಗಿದ ಅಜ್ಜಿಯ ಮುಂದೆ ಕೂತದ್ದಕ್ಕೆ ಇಲ್ಲ. ಗೌರಿಹಬ್ಬಕ್ಕೆ ಕನಿಷ್ಠ ಶೇಕಡಾವಾರು ನಿಗದಿಯಾಗಿಲ್ಲ. ತಂಗಿಯ ಹುಟ್ಟುಹಬ್ಬ ತಪ್ಪಿಸಿಕೊಂಡವನನ್ನು ಯಾರೂ ಡಿಟೇನ್ ಮಾಡುವುದಿಲ್ಲ. ಇದರಿಂದ ಹೊರಡುವ ಪ್ರಥಮ ಸಿದ್ಧಾಂತ: ಹಾಜರಿ ಕೂಗದ ಕಡೆಗೆ ಮನುಷ್ಯನ ಕಾಲು ಹೋಗುವುದಿಲ್ಲ.

3. ರೋಗದ ಹಂತಗಳು

ಮೊದಲ ಹಂತ (12 ತಿಂಗಳು, ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ): ಈ ಹಂತದ ಪ್ರಧಾನ ಚಿಹ್ನೆ ಬೋನ್ ಸೆಟ್. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಪರಂಪರೆಯಿಂದ ಇಳಿದುಬರುವ ಈ ಮೂಳೆಗಳು ದಸರಾ ರಜೆಯಲ್ಲಿ ವಿದ್ಯಾರ್ಥಿಯ ಬ್ಯಾಗಿನೊಳಗೆ ಊರಿಗೆ ಪ್ರಯಾಣ ಮಾಡುತ್ತವೆ. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ನಡೆಯುವ ಸಂವಾದದ ಶುದ್ಧಪಾಠ ಹೀಗಿದೆ:

‘ಯಾರದಪ್ಪಾ ಇದು?’
‘ಸೀನಿಯರ್ ಕೊಟ್ಟಿದ್ದು ಅಜ್ಜಿ.’
‘ಕೊಟ್ಟೋರ ಹೆಸರು ಕೇಳಲಿಲ್ಲ ಕಣೋ. ಶ್ರೀರಂಗಪಟ್ಟಣದಲ್ಲಿ ಬಿಡಬೇಕಾದ್ದನ್ನ ತಂದು ದಿಂಬಿನ ಪಕ್ಕ ಇಟ್ಕೊಂಡಿದೀಯಲ್ಲ!’

ಮೂಳೆಗಳು ಅಟ್ಟ ಸೇರುತ್ತವೆ, ಅವುಗಳ ಹಿಂದೆ ವಿದ್ಯಾರ್ಥಿಯೂ ಚೌರಾಸಿಯಾ ಪುಸ್ತಕದ ಸಮೇತ ಅಟ್ಟ ಸೇರುತ್ತಾನೆ. ದೇಹದ 206 ಮೂಳೆಗಳನ್ನೂ ಹೆಸರು ಹಿಡಿದು ಕರೆಯಬಲ್ಲವನು ಮದುವೆಮನೆಯಲ್ಲಿ ದೊಡ್ಡಪ್ಪನ ಎರಡನೇ ಮಗಳು ಎದುರಿಗೆ ಬಂದರೆ ‘ಚೆನ್ನಾಗಿದೀರಾ’ ಎಂದು ಬಹುವಚನದಲ್ಲಿ ಪಾರಾಗುವುದು ಈ ಹಂತದಲ್ಲೇ.

ಎರಡನೆಯ ಹಂತ (12 ತಿಂಗಳು; ಪ್ಯಾಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ): ಓದಿದ ರೋಗವೆಲ್ಲ ಮೊದಲು ತನಗೇ ಬಂದಂತೆ ಕಾಣುತ್ತದೆ. ಲಿಂಫೋಮಾ ಅಧ್ಯಾಯದ ರಾತ್ರಿ ಕತ್ತಿನಲ್ಲಿ ಗಡ್ಡೆ ಸಿಗುತ್ತದೆ. ಮರುವಾರ ಅಧ್ಯಾಯ ಬದಲಾದಾಗ ಗಡ್ಡೆಯೂ ಮಾಯವಾಗಿ ಎದೆಬಡಿತ ಶುರುವಾಗುತ್ತದೆ. ರಜೆಗೆ ಬಂದಾಗ ಈ ದೃಷ್ಟಿ ಮನೆಯವರ ಮೇಲೆ ತಿರುಗುತ್ತದೆ. ಚಿಕ್ಕಮ್ಮನ ಪಾದದ ಬಾವಿನಲ್ಲಿ ಹೃದಯ, ಕಿಡ್ನಿ, ಲಿವರ್ ಮೂರರ ವೈಫಲ್ಯವೂ ಏಕಕಾಲಕ್ಕೆ ಗೋಚರಿಸುತ್ತದೆ. ಅಪ್ಪ ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ಹೋಗುವುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಆ ಅಧ್ಯಾಯ ಮುಂದಿನ ಇಂಟರ್ನಲ್ಸ್‌ಗೆ ಇರುತ್ತದೆ.

ಮೂರು ಮತ್ತು ನಾಲ್ಕನೆಯ ಹಂತ (12 ಮತ್ತು 18 ತಿಂಗಳು): ಇಲ್ಲಿ ವ್ಯಾಧಿ ನೆಂಟರಿಷ್ಟರಿಗೆ ವ್ಯಾಪಿಸುತ್ತದೆ. ‘ಓದೋ ಹುಡುಗೀಗೆ ತೊಂದರೆ ಕೊಡಬೇಡಿ’ ಎಂದು ಊರಿಗೆಲ್ಲ ಹೇಳುವ ಅತ್ತೆ ತಮ್ಮ ಥೈರಾಯ್ಡ್ ರಿಪೋರ್ಟಿನ ಫೋಟೋವನ್ನು ತೊಂದರೆಯ ಪಟ್ಟಿಗೆ ಸೇರಿಸುವುದಿಲ್ಲ. ವಿದ್ಯಾರ್ಥಿನಿಯಲ್ಲಿ ಹೆಚ್ಚುವರಿ ತೊಡಕೊಂದು ವರದಿಯಾಗಿದೆ. ಹಬ್ಬ, ಪ್ರವಾಸ, ಸಿನಿಮಾ ಎಲ್ಲವೂ ಓದು ಮುಗಿಯುವ ತನಕ ಕಾಯುತ್ತವೆ, ಜಾತಕ ಮಾತ್ರ ಕಾಯುವುದಿಲ್ಲ. ವಾರ್ಡ್ ಪೋಸ್ಟಿಂಗ್‌ನಲ್ಲಿ ಪ್ರೊಫೆಸರ್ ಮುಂದೆ ಕೇಸ್ ಪ್ರೆಸೆಂಟ್ ಮಾಡುವಾಗಲೇ ಫೋನಿಗೆ ‘ಹುಡುಗ ರೇಡಿಯಾಲಜಿ, ಒಳ್ಳೇ ಮನೆತನ’ ಎಂಬ ಸಂದೇಶ ಬರುತ್ತದೆ.

ಇಂಟರ್ನ್‌ಶಿಪ್ (ಒಂದು ವರ್ಷ): ರಜೆ 15 ದಿನ. ಅಣ್ಣನ ಮದುವೆ, ತಾತನ ತಿಥಿ, ಯುಗಾದಿ, ಸ್ವಂತ ಜ್ವರ ಮತ್ತು ಪಿಜಿ ಪ್ರವೇಶಪರೀಕ್ಷೆ ಇವೆಲ್ಲವೂ ಇದರಲ್ಲೇ ಆಗಬೇಕು. ಮದುವೆಗೆ ಧಾರೆಯ ಹೊತ್ತಿಗೆ ಬಂದು, ಊಟದ ಎರಡನೇ ಪಂಕ್ತಿಯಲ್ಲಿ ಎಲೆಯ ಮುಂದೆಯೇ ತೂಕಡಿಸಿ, ಬೀಗರ ಕಡೆಯವರಿಂದ ‘ಹುಡುಗ ಕುಡಿದಿದಾನಾ?’ ಎಂದು ಅನ್ನಿಸಿಕೊಂಡು, ಸಂಜೆ ಬಸ್ಸಿಗೆ ಕ್ಯಾಶುವಾಲ್ಟಿ ಡ್ಯೂಟಿಗೆ ಮರಳುವುದು ಈ ಹಂತದ ನಿಶ್ಚಿತ ಲಕ್ಷಣ.

4. ತಪಾಸಣಾ ವಿಧಾನ

ರೋಗಿಯ ಪ್ರಜ್ಞೆಯ ಮಟ್ಟವನ್ನು ಅಳೆಯಲು ಗ್ಲಾಸ್ಗೊದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಒಂದು ಮಾಪಕವನ್ನು ರಚಿಸಿದರು. ಅದರಲ್ಲಿ ಮಾತಿನ ಪ್ರತಿಕ್ರಿಯೆಗೆ ಒಂದರಿಂದ ಐದರವರೆಗೆ ಅಂಕ. ತಾಯಂದಿರು ಈ ಮಾಪಕವನ್ನು ಕಲಿಯದೆಯೂ ರಾತ್ರಿ ಒಂಬತ್ತರ ಫೋನ್ ಕರೆಯಲ್ಲಿ ಕರಾರುವಾಕ್ಕಾಗಿ ಬಳಸುವುದು ವಿದ್ವಲ್ಲೋಕದ ಗಮನಕ್ಕೆ ಬಂದಿಲ್ಲ.

ಐದು: ಕೇಳಿದ್ದಕ್ಕೆ ಸರಿಯಾದ ಉತ್ತರ. ‘ಊಟ ಆಯ್ತಮ್ಮ, ಮೆಸ್ಸಲ್ಲಿ ಇವತ್ತೂ ಅದೇ ಸಾಂಬಾರು.’ ಅಪರೂಪ, ಹಣ ಬೇಕಾದಾಗ ಕಾಣಿಸಿಕೊಳ್ಳುತ್ತದೆ.
ನಾಲ್ಕು: ಮಾತುಂಟು, ಕಾಲದ ಪರಿವೆಯಿಲ್ಲ. ‘ಇವತ್ತು ಹಬ್ಬಾನಾ? ಯಾವ ಹಬ್ಬ?’
ಮೂರು: ಪದಗಳುಂಟು, ಸಂಬಂಧವಿಲ್ಲ. ‘ನಿನ್ನ ತಂಗಿ ಫಸ್ಟ್ ಕ್ಲಾಸಲ್ಲಿ ಪಾಸಾದಳು’ ಎಂದರೆ ‘ಹಾ, ಆಮೇಲೆ ತಿಂತೀನಿ.’
ಎರಡು: ‘ಹ್ಞೂಂ.’
ಒಂದು: ಸ್ವಿಚ್ ಆಫ್.

ಎರಡಕ್ಕಿಂತ ಕೆಳಗಿಳಿದರೆ ಅಪ್ಪ ಮರುದಿನ ಬೆಳಗಿನ ಬಸ್ಸಿನಲ್ಲಿ, ಚಕ್ಕುಲಿ ಡಬ್ಬಿಯೊಂದಿಗೆ, ‘ಈ ಕಡೆ ಏನೋ ಕೆಲಸ ಇತ್ತು’ ಎಂದು ಹೇಳುತ್ತಾ ಹಾಸ್ಟೆಲ್ ಗೇಟಿನಲ್ಲಿ ಪ್ರತ್ಯಕ್ಷರಾಗುತ್ತಾರೆ.

5. ಬಿಡುವಿನ ಶರೀರಕ್ರಿಯೆ

ಬಿಡುವು ಮೂರು ವಿಧ: ವಿಧಿಸಿದ್ದು, ಕದ್ದದ್ದು, ಸಾಲದ್ದು.

ವಿಧಿಸಿದ ಬಿಡುವು ಪಠ್ಯಕ್ರಮದಲ್ಲೇ ಇದೆ. 2019ರಲ್ಲಿ ಬಂದ ಹೊಸ ಪಠ್ಯಕ್ರಮದ ಫೌಂಡೇಶನ್ ಕೋರ್ಸಿನಲ್ಲಿ ಒಟ್ಟು 175 ಗಂಟೆ, ಅದರಲ್ಲಿ ಕ್ರೀಡೆ ಮತ್ತು ಪಠ್ಯೇತರಕ್ಕೆ 22 ಗಂಟೆ ಇಟ್ಟಿದ್ದರು. ಆಟಕ್ಕೂ ಹಾಜರಿ ಕೂಗುವುದರಿಂದ ಎಲ್ಲರೂ ಆಡುತ್ತಾರೆ. ಪ್ರಥಮ ಸಿದ್ಧಾಂತಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಮುಂದೆ ಜೂನ್ 12ರಿಂದ 21ರವರೆಗೆ ಹತ್ತು ದಿನ ಯೋಗ ತರಬೇತಿಯನ್ನೂ ಸೇರಿಸಲಾಯಿತು. ರಾತ್ರಿಯಿಡೀ ರೆಕಾರ್ಡ್ ಬರೆದ ಬ್ಯಾಚು ಮಿಕ್ಕ ಆಸನಗಳಲ್ಲಿ ಹೇಗೇ ಇರಲಿ, ಶವಾಸನದಲ್ಲಿ ಮಾತ್ರ ಗುರುಗಳನ್ನೂ ಮೀರಿಸಿದ ಸಿದ್ಧಿ ತೋರುತ್ತದೆ.

ಕದ್ದ ಬಿಡುವು ಎಂದರೆ ಪುಸ್ತಕದ ಬ್ಯಾಗನ್ನು ಹೆಗಲಿಗೇರಿಸಿಕೊಂಡೇ ಸಿನಿಮಾಕ್ಕೆ ಹೋಗುವುದು. ಇಂಟರ್ವಲ್‌ನಲ್ಲಿ ಓದಬಹುದೆಂಬ ನಂಬಿಕೆ ಅದರ ಆಧಾರ. ಇಂಟರ್ವಲ್‌ನಲ್ಲಿ ಯಾರೂ ಓದಿಲ್ಲ, ಸಿನಿಮಾವನ್ನೂ ಪೂರ್ತಿ ನೋಡಿಲ್ಲ. ನಾಯಕಿ ಅಳುವಾಗ ಈಕೆಯ ಲ್ಯಾಕ್ರಿಮಲ್ ಗ್ರಂಥಿಗೆ ಯಾವ ನರ ಹೋಗುತ್ತದೆಂದು ನೆನಪಾಗದೆ ಪ್ರೇಕ್ಷಕನೂ ಅಳುತ್ತಾನೆ.

ಸಾಲದ ಬಿಡುವು ‘ಎಕ್ಸಾಂ ಮುಗೀಲಿ’ ಎಂಬ ಪ್ರಾಮಿಸರಿ ನೋಟಿನ ಮೇಲೆ ನಿಂತಿದೆ. ಎಕ್ಸಾಂ ಮುಗಿದ ದಿನ ಸಾಲಗಾರ ಮಲಗಿಬಿಡುತ್ತಾನೆ. ಬಡ್ಡಿ ಮನೆಯವರ ಪಾಲಿಗೆ.

ಇಲ್ಲಿ ಪ್ರಾಚೀನರ ಮತವನ್ನೂ ಗಮನಿಸಬೇಕು. ಶರೀರವನ್ನು ಹೊತ್ತ ಉಪಸ್ತಂಭಗಳು ಮೂರು ಎಂದು ಚರಕಸಂಹಿತೆ ಹೇಳುತ್ತದೆ: ಆಹಾರ, ನಿದ್ರೆ, ಬ್ರಹ್ಮಚರ್ಯ. ಮೊದಲ ಇಂಟರ್ನಲ್ಸ್ ಹೊತ್ತಿಗೆ ಆಹಾರ ಮ್ಯಾಗಿಯಾಗಿ ರೂಪಾಂತರ ಹೊಂದುತ್ತದೆ, ನಿದ್ರೆ ಹಾಸ್ಟೆಲ್ಲಿನಿಂದ ಲೆಕ್ಚರ್ ಹಾಲಿಗೆ ವರ್ಗವಾಗುತ್ತದೆ. ಮೂರನೆಯದೊಂದೇ, ವಿದ್ಯಾರ್ಥಿಯ ಎಲ್ಲ ಪ್ರಯತ್ನಗಳ ನಡುವೆಯೂ, ಅಲುಗಾಡದೆ ನಿಂತಿರುತ್ತದೆ.

6. ಒಂದು ವಿರೋಧಾಭಾಸ

ರಾಷ್ಟ್ರೀಯ ವೈದ್ಯಕೀಯ ಆಯೋಗದ ಕುಟುಂಬ ದತ್ತು ಕಾರ್ಯಕ್ರಮದ ಪ್ರಕಾರ ಪ್ರತಿ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಹಳ್ಳಿಯೊಂದರಲ್ಲಿ ಮೂರರಿಂದ ಐದು ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕು. ಅವರ ಮನೆಗೆ ಹೋಗಿ, ಯಾರಿಗೆ ಬಿಪಿ, ಯಾರಿಗೆ ರಕ್ತಹೀನತೆ, ಮನೆಯಲ್ಲಿ ಏನು ಅಡುಗೆ, ನೀರು ಎಲ್ಲಿಂದ ಎಂದು ವಿಚಾರಿಸಿ ಲಾಗ್‌ಬುಕ್‌ನಲ್ಲಿ ಬರೆಯಬೇಕು. ವಿದ್ಯಾರ್ಥಿ ಬರೆಯುತ್ತಾನೆ. ದತ್ತುಕುಟುಂಬದ ಅಜ್ಜಿಗೆ ಎಡಗಣ್ಣಿನಲ್ಲಿ ಪೊರೆ ಬಂದಿದೆಯೆಂದು ಅವನಿಗೆ ಗೊತ್ತು. ಸ್ವಂತ ಅಜ್ಜಿ ಯಾವ ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡರೆಂದು ಕೇಳಿದರೆ ‘ಕಣ್ಣಿಗಾ? ಯಾವಾಗ?’ ಎನ್ನುತ್ತಾನೆ.

ಇದನ್ನು ಕಾರ್ಯಕ್ರಮದ ದೋಷವೆಂದು ತಿಳಿಯಬಾರದು. ಕಾರ್ಯಕ್ರಮ ಸರಿಯಾಗಿಯೇ ಇದೆ. ಒಂದು ಮನೆಯನ್ನು ಅರಿಯಲು ಪದೇಪದೇ ಅಲ್ಲಿಗೆ ಹೋಗಿ ಕೂರಬೇಕೆಂಬುದನ್ನು ಅದು ಕಂಡುಕೊಂಡಿದೆ. ದತ್ತು ತೆಗೆದುಕೊಳ್ಳಬಹುದಾದ ಕುಟುಂಬಗಳ ಪಟ್ಟಿಯಲ್ಲಿ ವಿದ್ಯಾರ್ಥಿಯದೇ ಕುಟುಂಬವನ್ನು ಸೇರಿಸಲು ಮರೆತದ್ದಷ್ಟೇ ಲೋಪ.

7. ಪೂರ್ವಪಕ್ಷ ಮತ್ತು ಖಂಡನೆ

‘ಸಮಯವೇ ಇಲ್ಲ’ ಎಂಬುದು ಪೂರ್ವಪಕ್ಷ. ಇದಕ್ಕೆ ಕನ್ನಡದಲ್ಲೇ ಉತ್ತರವಿದೆ. ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ ರೋಗಿಗಳನ್ನು ನೋಡಿಕೊಂಡೇ 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿ ಕಾಲು ಶತಮಾನ ನಡೆಸಿದರು, ಮನಸ್ಸಿನ ವಿಚಾರವಾಗಿ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಡಾ. ಅನುಪಮಾ ನಿರಂಜನ ವೈದ್ಯರಾಗಿದ್ದುಕೊಂಡು ಕಾದಂಬರಿಗಳನ್ನು ಬರೆದದ್ದಲ್ಲದೆ ಮಕ್ಕಳಿಗೆ ವರ್ಷವಿಡೀ ಸಾಲುವಷ್ಟು ‘ದಿನಕ್ಕೊಂದು ಕಥೆ’ ಕೊಟ್ಟರು. ಈ ದೃಷ್ಟಾಂತಗಳನ್ನು ಮಂಡಿಸಿದಾಗ ವಿದ್ಯಾರ್ಥಿ ‘ಅವರ ಕಾಲದಲ್ಲಿ ರೀಲ್ಸ್ ಇರಲಿಲ್ಲ ಸರ್’ ಎಂದು ಪೂರ್ವಪಕ್ಷವನ್ನು ತಾನೇ ಖಂಡಿಸಿಕೊಂಡು ಗ್ರಂಥಕರ್ತನ ಶ್ರಮ ಉಳಿಸುತ್ತಾನೆ.

‘ಮನೆಯವರು ಅರ್ಥಮಾಡಿಕೊಳ್ಳುತ್ತಾರೆ, ಮರೆಯುತ್ತಾರೆ’ ಎಂಬುದು ಎರಡನೆಯ ಪೂರ್ವಪಕ್ಷ. ಎಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತ ಅರ್ಥವಿಲ್ಲದ ಉಚ್ಚಾರಗಳನ್ನು ಬಾಯಿಪಾಠ ಮಾಡಿ, ಅವು ಎಷ್ಟು ಬೇಗ ಮರೆತುಹೋಗುತ್ತವೆಂದು ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ. ಅನಾಟಮಿ ಓದಿದವರಿಗೆ ಈ ಪ್ರಯೋಗವನ್ನು ವಿವರಿಸಬೇಕಿಲ್ಲ. ಆದರೆ ಎಬಿಂಗ್‌ಹೌಸನಿಗೆ ನಮ್ಮ ಅತ್ತೆಯಂದಿರ ಪರಿಚಯವಿರಲಿಲ್ಲ. ‘ನಮ್ಮ ಪುಟ್ಟಿ ನಾಮಕರಣಕ್ಕೆ ನೀನು ಬರಲಿಲ್ಲ’ ಎಂಬ ಮಾಹಿತಿ ಪುಟ್ಟಿಯ ಮದುವೆಯ ತನಕ ಒಂದಕ್ಷರವೂ ಸವೆಯದೆ ಉಳಿಯುತ್ತದೆ.

8. ಚಿಕಿತ್ಸೆ

ರೋಗ ಬಂದದ್ದು ಹಾಜರಿಯಿಂದ, ಹೋಗಬೇಕಾದ್ದೂ ಹಾಜರಿಯಿಂದಲೇ. ಕಾಲೇಜಿನ ನಿಯಮಗಳನ್ನು ಮನೆಗೆ ಅನ್ವಯಿಸತಕ್ಕದ್ದು.

(ಅ) ಹಬ್ಬ, ಶ್ರಾದ್ಧ, ಮದುವೆಗಳನ್ನು ಪ್ರಾಕ್ಟಿಕಲ್ ಎಂದೂ, ಫೋನಿನ ಮಾತನ್ನು ಥಿಯರಿ ಎಂದೂ ಪರಿಗಣಿಸಬೇಕು. ಥಿಯರಿಯಲ್ಲಿ ಪೂರ್ಣ ಹಾಜರಿ ಇದ್ದವರಿಗೂ ಪ್ರಾಕ್ಟಿಕಲ್‌ನಲ್ಲಿ ವಿನಾಯಿತಿ ಇಲ್ಲ.
(ಆ) ಪ್ರಾಕ್ಸಿ ನಿಷಿದ್ಧ. ತಮ್ಮನ ಕೈಯಲ್ಲಿ ಮುಯ್ಯಿ ಕವರು ಕಳಿಸುವುದು ಪ್ರಾಕ್ಸಿಯೇ.
(ಇ) ತಿಂಗಳಿಗೊಮ್ಮೆ ಅಜ್ಜಿಯ ಮುಂದೆ ವೈವಾ. ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುವ ಹಕ್ಕು ಪರೀಕ್ಷಕರದು. ನಾಲ್ಕನೆಯ ಉತ್ತರದಲ್ಲಿ ಸಿಡುಕು ಕಂಡುಬಂದರೆ ಫೇಲ್. ಮುಂದೆ ಹೊರರೋಗಿ ವಿಭಾಗದಲ್ಲಿ ಕಿವಿ ಮಂದವಾದ ವೃದ್ಧರನ್ನು ಕಾಣುವಾಗ ಈ ಅಭ್ಯಾಸ ಕೆಲಸಕ್ಕೆ ಬರುತ್ತದೆ, ಬೇರೆ ಯಾವ ಡಿಪಾರ್ಟ್‌ಮೆಂಟಿನಲ್ಲೂ ಇದನ್ನು ಕಲಿಸುವುದಿಲ್ಲ.
(ಈ) ಮನೆಯವರಿಗೂ ನಿಯಮವುಂಟು. ಯೂನಿವರ್ಸಿಟಿ ಪರೀಕ್ಷೆಯ ಮುನ್ನಾದಿನ ‘ಪಕ್ಕದ ಮನೆ ಹುಡುಗ ಸಾಫ್ಟ್‌ವೇರಲ್ಲಿ ಸೇರಿ ಆಗಲೇ ಕಾರು ತಗೊಂಡ’ ಎಂಬ ವಾರ್ತೆಯನ್ನು ಪ್ರಸಾರ ಮಾಡಿದವರ ಇಂಟರ್ನಲ್ ಅಂಕ ಕಳೆಯಲಾಗುವುದು. ಕೇಬಲ್ ಕನೆಕ್ಷನ್ ತಕ್ಷಣ ಮರಳಿ ಹಾಕಿಸತಕ್ಕದ್ದು. ಆ ಸೊಸೆ ಹಾಲು ಕುಡಿದಳೋ ಇಲ್ಲವೋ ತಿಳಿಯುವ ಹಕ್ಕು ಅಜ್ಜಿಗೆ ಇದೆ.

9. ಮಾದರಿ ಪ್ರಶ್ನೆಪತ್ರಿಕೆ

ಎಲ್ಲ ಪ್ರಶ್ನೆಗಳೂ ಕಡ್ಡಾಯ. ಅಗತ್ಯವಿದ್ದ ಕಡೆ ಅಂದವಾದ ಚಿತ್ರ ಬರೆಯಿರಿ.

ಕಿರು ಉತ್ತರ (3 ಅಂಕ): ಅಮ್ಮನಿಗೆ ಇಷ್ಟವಾದ ತಿಂಡಿ ಯಾವುದು? ‘ನಾವು ತಿನ್ನೋದೆಲ್ಲ’ ಎಂದು ಬರೆದವರಿಗೆ ಸೊನ್ನೆ.

ಕಿರು ಪ್ರಬಂಧ (5 ಅಂಕ): ‘ಈ ಕಡೆ ಏನೋ ಕೆಲಸ ಇತ್ತು’ ಎಂಬ ಹೇಳಿಕೆಯ ಸತ್ಯಾಸತ್ಯತೆಯನ್ನು ಚಕ್ಕುಲಿಯ ಪ್ರಮಾಣದ ಆಧಾರದ ಮೇಲೆ ಚರ್ಚಿಸಿ.

ದೀರ್ಘ ಪ್ರಬಂಧ (10 ಅಂಕ): 52 ವರ್ಷದ ಪುರುಷ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಾರೆ, ಬಾಯಾರಿಕೆ ಹೆಚ್ಚು, ಆರು ತಿಂಗಳಲ್ಲಿ ಪ್ಯಾಂಟು ಸಡಿಲವಾಗಿದೆ. (ಅ) ರೋಗನಿರ್ಣಯ ಮಾಡಿ. (ಆ) ಯಾವ ಪರೀಕ್ಷೆಗಳನ್ನು ಮಾಡಿಸುವಿರಿ? (ಇ) ಈ ರೋಗಿ ನಿಮ್ಮ ಮೆಸ್ ಬಿಲ್ಲನ್ನು ತಪ್ಪದೆ ಕಟ್ಟುತ್ತಾರೆ. ಗುರುತಿಸಿ, ಇವತ್ತೇ ಫೋನ್ ಮಾಡಿ.