ಜರಾ ಸರೀರಿ

ನಮ್ಮ ಮನೆಗೂ ಬಾಜೂ ಮನೆಗೂ ನಡುವೆ ಇರುವುದು ಶಹಾಬಾದ್ ಪರಸಿಯ ಸಾಲು. ಚಪ್ಪಡಿಗಳನ್ನು ಅರ್ಧ ಹೂತು ನಿಲ್ಲಿಸಿದ್ದೇ ಬೇಲಿ, ಎತ್ತರ ಎದೆಮಟ್ಟ. ಅದರ ಮೇಲೆ ಮೊಣಕೈ ಊರಿ ಮಾತಿಗೆ ನಿಂತರೆ ಎರಡು ತಾಸು ಹೋದದ್ದು ಗೊತ್ತಾಗುವುದಿಲ್ಲ. ಶರಣಸಿರಸಗಿಯಲ್ಲಿ ರಾತ್ರಿ ಊಟ ಮುಗಿದು ಓಣಿ ತಣ್ಣಗಾದ ಮೇಲೆ, ಗಾಳಿ ಕಲಬುರಗಿ ಕಡೆಯಿಂದ ಬೀಸಿದರೆ ರೈಲಿನ ಕೂಗು ಸಣ್ಣಗೆ ಕೇಳುತ್ತದೆ. ಅದು ಕೇಳಿದ ಕೂಡಲೇ ಬಾಜೂ ಮನೆಯ ಕಾಕಾ ಮಾತು ನಿಲ್ಲಿಸಿ ಕಿವಿ ಕೊಡುತ್ತಾರೆ. ಜೀವಮಾನವೆಲ್ಲ ರೈಲ್ವೆಯಲ್ಲಿ ಕೀಮನ್ ಆಗಿದ್ದವರು. ಹೆಗಲಿಗೆ ಸುತ್ತಿಗೆ, ಚೀಲದಲ್ಲಿ ಕೆಂಪು ಹಸಿರು ಬಾವುಟ. ದಿನಾ ತಮ್ಮ ಪಾಲಿನ ಪಟ್ರಿಯ ಮೇಲೆ ಹೋಗುತ್ತ ಒಂದು ಕಡೆ, ಬರುತ್ತ ಇನ್ನೊಂದು ಕಡೆ ನೋಡುತ್ತ, ಸಡಿಲಾದ ಚಾವಿ ಬಡಿದು ಕೂಡಿಸುತ್ತ ನಡೆದವರು. ಗಾಡಿ ಬಂದಾಗ ಬದಿಗೆ ಸರಿದು ನಿಲ್ಲುವುದು ಅವರ ಕೆಲಸ. ಅದರೊಳಗೆ ಕೂಡುವುದು ನನ್ನಂಥವರ ಕೆಲಸ.

ಮೊನ್ನೆ ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ತಮ್ಮ ಒಂದು ಪ್ರಶ್ನೆ ಎಸೆದ: "ಅಕ್ಕಾ, ರೈಲಿನಾಗೇ ನಡೆಯೋ ಸಿನೆಮಾದಾಗ ನಿನಗ ಭಾಳ ಸೇರಿದ್ದು ಯಾವುದು?" ನಾನು ಬಾಯಿ ತೆರೆಯುವುದರೊಳಗೆ ಪರಸಿಯ ಆಚೆಯಿಂದ ಉತ್ತರ ಬಂತು.

"ಅದರಾಗ ಕೇಳೂದೇನದ? ದಿ ಬರ್ನಿಂಗ್ ಟ್ರೇನ್!"

ಕಾಕಾನ ಮಾತು ತೆಗೆದುಹಾಕುವಂಥದ್ದಲ್ಲ. ರವಿ ಚೋಪ್ರಾ ಮಾಡಿದ, 1980ರಲ್ಲಿ ಬಂದ ಆ ಚಿತ್ರದಲ್ಲಿ ಯಾರಿಲ್ಲ! ಧರ್ಮೇಂದ್ರ, ಹೇಮಾಮಾಲಿನಿ, ವಿನೋದ್ ಖನ್ನಾ, ಪರ್ವೀನ್ ಬಾಬಿ, ಜಿತೇಂದ್ರ, ನೀತು ಸಿಂಗ್. ದಿಲ್ಲಿಯಿಂದ ಮುಂಬಯಿಗೆ ಹೊರಟ ಹೊಸ ಸೂಪರ್ ಎಕ್ಸ್‌ಪ್ರೆಸ್ ಹತ್ತಿ ಉರಿಯುತ್ತದೆ, ನಿಲ್ಲುವುದೂ ಇಲ್ಲ. ಆದರೆ ಕಾಕಾನಿಗೆ ಅದರಲ್ಲಿ ಒಂದು ತಕರಾರಿದೆ. ನಟ ಡ್ಯಾನಿಯ ಪಾತ್ರ ಇಂಜಿನ್ನಿನ ವ್ಯಾಕ್ಯೂಮ್ ಬ್ರೇಕ್ ತೆಗೆದು ಗಾಡಿ ನಿಲ್ಲದ ಹಾಗೆ ಮಾಡುತ್ತದಲ್ಲ, ಅಲ್ಲಿ.

"ನೋಡವ್ವಾ, ಗಾಡಿ ಉದ್ದಕ್ಕ ಒಂದು ಪೈಪ್ ಇರ್ತದ. ಅದರಾಗಿನ ಗಾಳಿ ಹೀರಿ ತೆಗದ್ರ ಬ್ರೇಕ್ ಬಿಡತಾವ, ಗಾಡಿ ಓಡತದ. ಪೈಪ್ ಎಲ್ಲ್ಯಾರ ಬಿಚ್ಚಿತು ಅಂದ್ರ ಗಾಳಿ ಒಳಗ ನುಗ್ಗತದ, ಬ್ರೇಕ್ ತಾವೇ ಹಿಡೀತಾವ. ಸರಪಳಿ ಎಳದ್ರೂ ಅದೇ. ಈಗಿನ ಏರ್ ಬ್ರೇಕಿನಾಗ ಗಾಳಿ ತುಂಬಿಟ್ಟಿರ್ತಾರ, ಹೊರಗ ಹೋದ್ರ ಬ್ರೇಕ್ ಹಿಡೀತದ. ಎರಡರ ಗುಟ್ಟೂ ಒಂದೇ: ಏನಾರ ಕೆಟ್ಟರ ಗಾಡಿ ನಿಲ್ಲಬೇಕು, ಓಡಬಾರದು."

"ಹಂಗಾದ್ರ ಆ ಸಿನೆಮಾ ಸುಳ್ಳಲ್ಲೇನ್ರಿ ಕಾಕಾ?"

"ಬ್ರೇಕ್ ಸುಳ್ಳು. ಮಂದಿ ಖರೇ. ಬೆಂಕಿ ಹತ್ತೂಕ್ಕಿಂತ ಮೊದಲ ಅವರೆಲ್ಲ ಕೂಡಿ ಕವ್ವಾಲಿ ಹಾಡತಾರಲ್ಲ, ಗುರುತಿಲ್ಲದ ಮಂದಿ? ಅದಕ್ಕ ನೋಡತೀನಿ ನಾ."

ನನ್ನ ಆಯ್ಕೆ ಬೇರೆ. ಸತ್ಯಜಿತ್ ರಾಯ್ ಅವರ 'ನಾಯಕ್', 1966. ಬಂಗಾಳದ ದೊಡ್ಡ ತಾರೆ ಅರಿಂದಮ್ ಪ್ರಶಸ್ತಿ ತೆಗೆದುಕೊಳ್ಳಲು ಕಲ್ಕತ್ತೆಯಿಂದ ದಿಲ್ಲಿಗೆ ಹೊರಟಿದ್ದಾನೆ. ಆ ಪಾತ್ರ ಉತ್ತಮ್ ಕುಮಾರ್ ಅವರದು. ಶರ್ಮಿಳಾ ಟಾಗೋರ್ ಮಾಡಿದ ಅದಿತಿ, ಮಹಿಳೆಯರ ಪತ್ರಿಕೆ ನಡೆಸುವ ಹುಡುಗಿ, ಊಟದ ಡಬ್ಬಿಯಲ್ಲಿ ಅವನ ಎದುರು ಬಂದು ಕೂಡುತ್ತಾಳೆ. ಪತ್ರಿಕೆಗೆ ಸಂದರ್ಶನ ಸಿಕ್ಕೀತು ಎಂಬ ಆಸೆ ಅವಳದು. ರಾತ್ರಿ ಏರಿದ ಹಾಗೆ ಅವನು ತನ್ನ ಅಂಜಿಕೆ, ಮಾಡಿದ ತಪ್ಪು, ಬಿಟ್ಟುಬಂದ ಗೆಳೆಯ ಎಲ್ಲವನ್ನೂ ಅವಳ ಮುಂದೆ ಬಿಚ್ಚಿಡುತ್ತಾನೆ. ಬೆಳಗಾದಾಗ ಅವಳು ಬರೆದುಕೊಂಡ ಹಾಳೆಗಳನ್ನು ಹರಿದುಹಾಕುತ್ತಾಳೆ. ನಂಬಿ ಹೇಳಿದ್ದನ್ನು ಮಾರುವುದಿಲ್ಲ ಅವಳು. ಆ ಡಬ್ಬಿಯನ್ನು ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತ ಸ್ಟುಡಿಯೋದಲ್ಲಿ ಕಟ್ಟಿದ್ದು, ಕಿಟಕಿಯಾಚೆ ಓಡುವ ಹೊಲಗದ್ದೆ ಹಿಂದಿನ ಪರದೆಯ ಮೇಲೆ ಬಿಟ್ಟ ಚಿತ್ರ ಎಂದು ಹೇಳಿದರೆ ಕಾಕಾ ನಂಬಲೇ ಇಲ್ಲ. "ಗಾಡಿ ಅಲುಗೂದು ಖರೇನೇ ಅದಲ್ಲ!" ಅಂದರು. ರೈಲಿನ ಮನುಷ್ಯನಿಂದ ಬಂದ ಆ ಮಾತು ಯಾವ ಪ್ರಶಸ್ತಿಗೂ ಕಡಿಮೆಯಲ್ಲ.

ನನ್ನ ತಮ್ಮ ಕೊರಿಯಾದ 'ಟ್ರೇನ್ ಟು ಬೂಸಾನ್' ಹಿಡಿದು ಕೂತ. 2016ರ ಚಿತ್ರ. ರೋಗ ಹತ್ತಿ ರಾಕ್ಷಸರಾದವರು ಓಡುವ ಗಾಡಿಯಲ್ಲಿ ಡಬ್ಬಿಯಿಂದ ಡಬ್ಬಿಗೆ ನುಗ್ಗುತ್ತಾರೆ. ಅವನಿಗೆ ಓಟ, ಹೊಡೆದಾಟ ಸೇರಿದ್ದು. ನನಗೆ ಮರೆಯಲಾಗದ್ದು ಬೇರೆ ಜಾಗ. ಜೀವ ಉಳಿಸಿಕೊಂಡು ಹೇಗೋ ದಾಟಿ ಬಂದವರಿಗೆ ಮುಂದಿನ ಡಬ್ಬಿಯ ಮಂದಿ ಬಾಗಿಲು ತೆಗೆಯುವುದಿಲ್ಲ. ರಾಕ್ಷಸರಿಗಿಂತ ಆ ಬಾಗಿಲು ನೋಡಿ ನನಗೆ ಅಂಜಿಕೆಯಾಯಿತು.

ಇಷ್ಟೊತ್ತಿಗೆ ಕಾಕೂ ಒಂದು ಬೋಗುಣಿ ಸುಸಲಾ ತಂದು ಪರಸಿ ದಾಟಿಸಿದರು. "ನಿಮ್ಮ ಬೆಂಕಿ, ನಿಮ್ಮ ರಾಕ್ಷಸರು ಅತ್ತಾಗಿರಲಿ. ನನಗ ಆ ಮದುಮಗಳು ಅದಲು ಬದಲಾಗೂ ಪಿಚ್ಚರ್" ಅಂದರು.

ಕಿರಣ್ ರಾವ್ ಅವರ 'ಲಾಪತಾ ಲೇಡೀಸ್', 2024. ಒಂದೇ ಡಬ್ಬಿಯಲ್ಲಿ ಕೆಂಪು ಸೀರೆ, ಮುಖ ಮುಚ್ಚಿದ ಸೆರಗಿನ ಮದುವಣಗಿತ್ತಿಯರು. ಗದ್ದಲದಲ್ಲಿ ಅವರು ಇವರಿಗೆ, ಇವರು ಅವರಿಗೆ ಸರಿದು ಜಾಗ ಕೊಡುತ್ತಾರೆ. ನಿದ್ದೆಗಣ್ಣಿನ ಗಂಡ ಕತ್ತಲಲ್ಲಿ ಬೇರೆಯವಳ ಕೈಹಿಡಿದು ಇಳಿದುಬಿಡುತ್ತಾನೆ. ಅವನ ಹೆಂಡತಿ ಫೂಲ್ ಮುಂದಿನ ಸ್ಟೇಷನ್ನಿನಲ್ಲಿ ಒಂಟಿ. ಊರಿನ ಹೆಸರೂ ನೆಟ್ಟಗೆ ಗೊತ್ತಿಲ್ಲ. ಪ್ಲಾಟ್‌ಫಾರಂ ಮೇಲೆ ಚಹಾ ಮಾರುವ ಮಂಜು ಮಾಯಿ ಅವಳಿಗೆ ಇರಲು ಜಾಗ, ಮಾಡಲು ಕೆಲಸ ಕೊಡುತ್ತಾಳೆ.

"ನಾನೂ ಹಾಂಗೇ ಬಂದೀನವ್ವಾ" ಅಂದರು ಕಾಕೂ. "ಮದಿವಿ ಮುಗಿಸಿ ಗಾಣಗಾಪುರ ರೋಡ್ ಸ್ಟೇಷನ್ನಿನಾಗ ಗಾಡಿ ಹತ್ತಿದ್ವಿ. ಸೆರಗು ಇಷ್ಟುದ್ದ. ಇವರ ಮಾರಿ ನೋಡಿರಲಿಲ್ಲ ನಾ, ಕಾಲಾಗಿನ ಚಪ್ಪಲಿ ನೋಡಿಕೊಂಡು ಇಳದೆ. ಯಾರೋ ಒಬ್ಬಾಕಿ ಮುದುಕಿ 'ಬಾ ಮಗಳ, ಕೂಡು' ಅಂತ ಸರದು ಜಾಗ ಕೊಟ್ಟಳು. ಅಕಿ ಮಾರೀನೂ ನೋಡಲಿಲ್ಲ. ದನಿ ಅಷ್ಟ ನೆಪ್ಪದ."

ಆ ಮಾತಿಗೆ ನನಗೂ ಒಂದು ರಾತ್ರಿ ನೆನಪಾಯಿತು. ಓದಲೆಂದು ಮೊದಲ ಸಲ ಬೆಂಗಳೂರಿಗೆ ಹೊರಟಿದ್ದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ, ಬಾಗಿಲಲ್ಲೇ ನಿಂತಿದ್ದೆ. ವಾಡಿಯಲ್ಲಿ ಇನ್ನಷ್ಟು ಮಂದಿ ಹತ್ತಿದರು. ದುಡಿಯಲು ಗುಳೆ ಹೊರಟ ಸಂಸಾರಗಳು: ಹಾಸಿಗೆ ಗಂಟು, ಹಿಟ್ಟಿನ ಡಬ್ಬಿ, ತೊಡೆಯ ಮೇಲೆ ಕೂಸು. ಒಬ್ಬ ಅಜ್ಜಿ ತನ್ನ ಸೆರಗು ಬಿಗಿ ಮಾಡಿಕೊಂಡು ಮಗ್ಗುಲಿನವರಿಗೆ "ಜರಾ ಸರೀರಿ" ಅಂದಳು. ಗೇಣು ಜಾಗ ಬಂತು. ಆ ಗೇಣಿನಲ್ಲಿ ನಾನು ಕೂತೆ. ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ರಾಯಚೂರಿನ ಈಚೆಗೆ ಕೃಷ್ಣೆಯ ಸೇತುವೆ ಬಂದಾಗ ನನ್ನ ಕೈಗೊಂದು ನಾಣ್ಯ ಇಟ್ಟು "ಹೊಳಿಗೆ ಹಾಕು, ಓದು ಹತ್ತತದ" ಅಂದಳು. ಮುಂಜಾನೆ ಬೆಂಗಳೂರಿನಲ್ಲಿ ಇಳಿದು ಮಗನ ಹಿಂದೆ ಹೊರಟುಹೋದಳು. ಹೆಸರು ಕೇಳಲಿಲ್ಲ ನಾನು.

ಅಂದಿನಿಂದ ನನಗೆ ರೈಲಿನ ಸಿನೆಮಾಕ್ಕೆ ಒಂದೇ ಅಳತೆ: ಅದರಲ್ಲಿ ಮಂದಿ ಸರಿದು ಕೂಡುತ್ತಾರೋ ಇಲ್ಲವೋ? ಬೂಸಾನಿನ ಗಾಡಿಯಲ್ಲಿ ಸರಿಯಲಿಲ್ಲ, ಅದೇ ಅದರ ದುಃಖ. ಕಾಕೂನ ಸಿನೆಮಾದಲ್ಲಿ ಸರಿದರು, ಅದರಿಂದಲೇ ಕಥೆ ಹುಟ್ಟಿತು. ಅರಿಂದಮ್ ತನ್ನ ದೊಡ್ಡಸ್ತಿಕೆಯನ್ನು ಒಂದಿಷ್ಟು ಸರಿಸಿ ಅದಿತಿಗೆ ಜಾಗ ಕೊಟ್ಟ. 1974ರಲ್ಲಿ ಅವತಾರ್ ಕೌಲ್ ಮಾಡಿದ '27 ಡೌನ್' ಚಿತ್ರದ ನಾಯಕ ಇಂಜಿನ್ ಡ್ರೈವರನ ಮಗ, ಚಿತ್ರಕಾರನಾಗಬೇಕೆಂದಿದ್ದವನು, ಅಪ್ಪನ ಹಟಕ್ಕೆ ಟಿಕೆಟ್ ಚೆಕ್ಕರ್ ಆಗುತ್ತಾನೆ. ಗಾಡಿಯಲ್ಲೇ ಬದುಕಿದರೂ ತನ್ನದೆಂಬ ಸೀಟಿಲ್ಲದವನು ಅವನು. ಆಟೆನ್‌ಬರೋ ಅವರ 'ಗಾಂಧಿ' ಚಿತ್ರದಲ್ಲಿ ಕಥೆ ಚಲಿಸುವುದೂ ಒಂದು ಸೀಟಿನಿಂದಲೇ. 1893ರ ಜೂನ್ 7ರ ರಾತ್ರಿ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಫಸ್ಟ್ ಕ್ಲಾಸಿನ ಟಿಕೆಟ್ ಕೈಯಲ್ಲಿದ್ದವರನ್ನು ಮೈಬಣ್ಣ ನೋಡಿ ಕೆಳಗಿಳಿಸಿದರು. ಒಬ್ಬರಿಗೆ ಕೂಡಲು ಜಾಗ ಕೊಡದ ತಪ್ಪಿಗೆ ಒಂದು ಸಾಮ್ರಾಜ್ಯ ಎಷ್ಟು ತೆರಬೇಕಾಯಿತು!

ಕಾಕಾ ಎಲ್ಲ ಕೇಳಿ ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ನಿಮ್ಮ ಸಿನೆಮಾದಾಗ ಒಳಗ ಕೂತವರೇ ಬರ್ತಾರ. ಕೆಳಗ ಪಟ್ರಿ ಮ್ಯಾಲ ನಡಿಯಾಂವ ಯಾವುದರಾಗ ಬರ್ತಾನ?" ಎಂದರು.

ಉತ್ತರ ನನ್ನ ಮೊಬೈಲಿನಲ್ಲಿತ್ತು. ಬಸ್ಟರ್ ಕೀಟನ್ ಅವರ 'ದಿ ಜನರಲ್', 1926ರ ಮೂಕಿ ಚಿತ್ರ. ಪರಸಿಗೆ ಮೊಬೈಲ್ ಆನಿಸಿ ಹಚ್ಚಿದೆ. ಕದ್ದೊಯ್ದ ತನ್ನ ಇಂಜಿನ್ನಿನ ಹಿಂದೆ ಬೆನ್ನಟ್ಟಿದ ಡ್ರೈವರ್ ಇನ್ನೊಂದು ಇಂಜಿನ್ನಿನ ಮೂತಿಯ ಮೇಲೆ ಕೂತಿದ್ದಾನೆ. ಎದೆಯ ಮೇಲೆ ಒಂದು ಕಟ್ಟಿಗೆಯ ಸ್ಲೀಪರ್. ಮುಂದೆ ಪಟ್ರಿಗೆ ಅಡ್ಡ ಇನ್ನೊಂದು ಸ್ಲೀಪರ್. ಹತ್ತಿರ ಬಂದಾಗ ಕೈಯಲ್ಲಿದ್ದುದನ್ನು ಎತ್ತಿ ಅದರ ತುದಿಗೆ ಸರಿಯಾಗಿ ಎಸೆಯುತ್ತಾನೆ. ಎರಡೂ ಹಾರಿ ಬದಿಗೆ ಬೀಳುತ್ತವೆ, ಗಾಡಿ ಮುಂದೆ ಹೋಗುತ್ತದೆ. ಕಾಕಾ ಅದನ್ನು ನಾಲ್ಕು ಸಲ ನೋಡಿದರು. "ಸ್ಲೀಪರಿನ ಭಾರ ಇವಗ ಗೊತ್ತದ" ಅಂದರು. "ಸುಳ್ಳು ಹಿಡಿದಿಲ್ಲ, ಬೆನ್ನು ನೋಡು ಅವಂದು, ಹ್ಯಾಂಗ ಬಗ್ಗೇದ." ಆ ಚಿತ್ರದಲ್ಲಿ ಉರಿಯುವ ಸೇತುವೆಯಿಂದ ಹೊಳೆಗೆ ಬೀಳುವುದೂ ನಿಜವಾದ ಇಂಜಿನ್ನೇ. ನೂರು ವರ್ಷದ ಹಿಂದಿನ ಅಮೆರಿಕದವನ ಬೆನ್ನು ನೋಡಿ ಕಲಬುರಗಿಯ ಕೀಮನ್ ಗುರುತು ಹಿಡಿದದ್ದು ನನಗೆ ದೊಡ್ಡ ಸಂತೋಷ ಕೊಟ್ಟಿತು.

ಸಿನೆಮಾಕ್ಕೂ ರೈಲಿಗೂ ಮೊದಲಿನಿಂದ ನಂಟು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲ್ಯುಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದಾಗ, ಸ್ಟೇಷನ್ನಿಗೆ ರೈಲು ಬರುವ ಚಿತ್ರವೂ ಅವುಗಳಲ್ಲಿತ್ತು. ಅಷ್ಟೊತ್ತಿಗೆ ನಮ್ಮ ಲೈನಿಗೆ ಇಪ್ಪತ್ತೈದು ವರ್ಷ. ಮುಂಬಯಿ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅಂದರೆ ನಮ್ಮ ನೆಲದಲ್ಲಿ ರೈಲಿನ ವಯಸ್ಸು ಸಿನೆಮಾಕ್ಕಿಂತ ಹೆಚ್ಚು.

"ಇಷ್ಟು ಹಳೇ ಲೈನು. ಕನ್ನಡದಾಗ ಯಾವುದದ?" ಎಂದು ಕಾಕೂ ಕೇಳಿದರು.

ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ನೆನಪಾಯಿತು. ಅದರ ಸ್ಟೇಷನ್ ಆಗಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ಸ್ಟೇಷನ್ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಆದರೆ ಅದು ಕಿರುತೆರೆಯದು, ಮಾತು ಹಿಂದಿ, ಇಂಗ್ಲಿಷ್. ಪೃಥ್ವಿ ಕೊಣನೂರು ಅವರ 'ರೈಲ್ವೇ ಚಿಲ್ಡ್ರನ್' ಅಚ್ಚ ಕನ್ನಡದ್ದು. ಮನೆ ಬಿಟ್ಟು ಓಡಿಬಂದು ಸ್ಟೇಷನ್ನುಗಳಲ್ಲಿ ಬದುಕುವ ಹುಡುಗರ ಕಥೆ. ಅದರಲ್ಲಿ ನಟಿಸಿದ ಮನೋಹರನಿಗೆ 2016ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಎಲ್ಲರೂ ನೋಡಬೇಕಾದ ಚಿತ್ರ ಅದು. ಆದರೂ ಅದು ಪ್ಲಾಟ್‌ಫಾರಮ್ಮಿನ ಕಥೆ. ಹತ್ತಿದಲ್ಲಿಂದ ಇಳಿಯುವವರೆಗೆ ಡಬ್ಬಿಯೊಳಗೇ ನಡೆಯುವ ಕನ್ನಡ ಚಿತ್ರ ಹೇಳು ಎಂದರೆ ಪರಸಿಯ ಈಚೆಯ ನಮ್ಮ ಬಾಯಿಗೂ ಬರಲಿಲ್ಲ, ಆಚೆಯ ಅವರ ಬಾಯಿಗೂ ಬರಲಿಲ್ಲ.

ಇದು ನನ್ನನ್ನು ನಿಜಕ್ಕೂ ಕಾಡುವ ಮಾತು. ನಮ್ಮ ಸಂಜೆಯ ಗಾಡಿಯಲ್ಲಿ ಏನಿಲ್ಲ? ಗಾಣಗಾಪುರದ ದತ್ತನಿಗೆ ನಡೆದುಕೊಂಡು ಹಿಂತಿರುಗುವವರು, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವರು, ಪರೀಕ್ಷೆಗೆ ಹೊರಟ ಹುಡುಗಿಯರು, ತೊಗರಿ ಕೈಕೊಟ್ಟದ್ದಕ್ಕೆ ಇಟ್ಟಿಗೆ ಹೊರಲು ಹೊರಟ ಒಕ್ಕಲಿಗರು. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಬೆಂಚಿನ ಮೇಲೆ. 2024ರ ಮಾರ್ಚ್‌ನಿಂದ ವಂದೇ ಭಾರತ್ ಕಲಬುರಗಿಯಿಂದ ಬೆಂಗಳೂರಿಗೆ ಹಗಲಲ್ಲೇ ಒಯ್ಯುತ್ತಿದೆ. ಅನುಕೂಲ, ಬೇಕಾದದ್ದೇ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕುರ್ಚಿ. ಯಾರೂ ಯಾರಿಗೂ ಸರಿಯಬೇಕಿಲ್ಲ. ಅದಕ್ಕೇ ಸರಿದು ಕೂಡುವ ಬೆಂಚು ಇನ್ನೂ ಇರುವಾಗಲೇ ಅದರ ಕಥೆ ತೆರೆಗೆ ಬರಲಿ ಎನ್ನುವುದು ನನ್ನ ಆಸೆ. ಕಿಟಕಿಯಾಚೆ ಒಂದು ಗಳಿಗೆ, ಬದಿಗೆ ಸರಿದು ನಿಂತ ಕೀಮನ್ನನೂ ಕಾಣಲಿ. ಆತನೂ ಸರಿದೇ ನಮಗೆ ದಾರಿ ಬಿಟ್ಟವನು.

ಕನ್ನಡದಲ್ಲಿ ಸಿನೆಮಾ ಮಾಡುವವರಿಗೆ ನನ್ನ ವಿನಂತಿ ಇಷ್ಟೇ. ಒಂದು ಸಂಜೆ ಕಲಬುರಗಿ ಸ್ಟೇಷನ್ನಿಗೆ ಬನ್ನಿ, ಜನರಲ್ ಟಿಕೆಟ್ ತೆಗೆಸಿ, ಬೆಂಗಳೂರಿನವರೆಗೆ ಆ ಡಬ್ಬಿಯಲ್ಲೇ ಹೋಗಿ. ಜಾಗ ಇಲ್ಲವೆಂದು ಅಂಜಬೇಡಿ. ಕೇಳಿದರೆ ನಮ್ಮ ಮಂದಿ ಸರಿಯುತ್ತಾರೆ.