ಫ್ಯಾನಿಗೆ ಎಷ್ಟು ಬುದ್ಧಿ ಬೇಕು?

ಮೀನಿನ ತೊಟ್ಟಿಯ ನೀರನ್ನು ತಣ್ಣಗಿಡುವ ಫ್ಯಾನು ಮಾಡಬೇಕಾದ ತೀರ್ಮಾನ ಒಂದೇ: ತಿರುಗಬೇಕೋ ಬೇಡವೋ. ಇಷ್ಟಕ್ಕೆ ಹವ್ಯಾಸಿಗಳು 240 ಮೆಗಾಹರ್ಟ್ಸ್‌ನ, ಎರಡು ಕೋರಿನ ಇಎಸ್‌ಪಿ32 ಮೈಕ್ರೊಕಂಟ್ರೋಲರ್ ತಂದಿಡುತ್ತಾರೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ನೀರು ಆಕಳಿಸುತ್ತಾ ಬಿಸಿಯಾಗುವ ಪದಾರ್ಥ. ಅರ್ಡುಯಿನೊ ಊನೊ ಬೋರ್ಡಿನ 16 ಮೆಗಾಹರ್ಟ್ಸ್, 2 ಕಿಲೋಬೈಟ್ ರ್‍ಯಾಮ್ ಅದಕ್ಕೆ ಧಾರಾಳ. ಮೊಬೈಲಿನಲ್ಲಿ ನೋಡಬೇಡವೇ ಎನ್ನುವವರಿಗೆ ವೈಫೈ ಇರುವ ಇಎಸ್‌ಪಿ32 ಸರಿಯೇ. ನೋಡಿದ ಮಾತ್ರಕ್ಕೆ ನೀರು ತಣ್ಣಗಾಗದು, ಅಷ್ಟೆ.

ತಲೆ ಖರ್ಚು ಮಾಡಬೇಕಾದದ್ದು ಉಷ್ಣತೆ ಅಳೆಯುವ ಸೆನ್ಸರಿಗೆ. ಎಲ್‌ಎಂ35 ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 5 ವೋಲ್ಟನ್ನು 1024 ಪಾಲು ಮಾಡುವ ಊನೊಗೆ ಅರ್ಧ ಡಿಗ್ರಿಗಿಂತ ಸಣ್ಣದು ಕಾಣಿಸದು. ತಂತಿ ಉದ್ದವಾದರಂತೂ ಮೋಟಾರಿನ ಗದ್ದಲವೂ ಉಷ್ಣತೆಯ ಲೆಕ್ಕಕ್ಕೇ ಸೇರುತ್ತದೆ. ಇನ್ನೊಂದು ಸೆನ್ಸರ್ ಡಿಎಸ್18ಬಿ20 ಅಂಕಿಯಲ್ಲೇ ಉತ್ತರ ಕೊಡುತ್ತದೆ. ಪ್ರತಿಯೊಂದಕ್ಕೂ 64 ಬಿಟ್‌ನ ಗುರುತಿರುವುದರಿಂದ ಒಂದೇ ತಂತಿಯಲ್ಲಿ ಹಲವು ಜೋತುಬಿದ್ದರೂ ಕರೆದದ್ದೇ ಓಗೊಡುತ್ತದೆ. ನಮ್ಮ ಸಭೆಗಳಿಗೆ ಈ ಸೌಲಭ್ಯವಿಲ್ಲ. 12 ಬಿಟ್ ಉತ್ತರಕ್ಕೆ 750 ಮಿಲಿಸೆಕೆಂಡ್ ಹಿಡಿಯುತ್ತದೆಂಬ ಆಕ್ಷೇಪ ನಿಜ. ಆದರೆ ಮೀನಿಗೇ ಇಲ್ಲದ ಅವಸರ ನಮಗೇಕೆ? ಪರದೆಯ ಮೇಲೆ 27.0625 ಎಂದು ಮೂಡಿತೆಂದು ಹಿಗ್ಗಲೂಬಾರದು, ಅದರ ನಿಖರತೆ ±0.5 ಡಿಗ್ರಿ ಮಾತ್ರ. ಫ್ಯಾನು 28 ಡಿಗ್ರಿಗೆ ಶುರುವಾಗಿ 27ಕ್ಕೆ ನಿಲ್ಲುವಂತೆ ನಡುವೆ ಅಂತರವಿಡಬೇಕು. ಇಲ್ಲವಾದರೆ ಮೀನು ಮಲಗಿದರೂ ಫ್ಯಾನನ್ನು ಹಚ್ಚಿ ಆರಿಸುವ ರಿಲೇ ರಾತ್ರಿಯಿಡೀ ಟಕಟಕ ಎನ್ನುತ್ತಿರುತ್ತದೆ.